ಛಾವಣಿಯಿಲ್ಲದ ಮಸೀದಿಯಲ್ಲಿ ಒಂದು ಶುಕ್ರವಾರ

ಚೀನಾಕ್ಕೆ ನಾವು ಹೋಗಿದ್ದು ಶುಂಠಿ ಒಣಗಿಸುವ ಯಂತ್ರ ನೋಡಲು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಊರಿಗೆ ಬಂದ ಮೇಲೆ ಹನಗೋಡಿನಲ್ಲಿ ಸಿಕ್ಕವರೆಲ್ಲ ಮಹಾಗೋಡೆ ಹೇಗಿತ್ತು ಎಂದು ಕೇಳಿದರು. ನಾವು ಗೋಡೆ ನೋಡಲಿಲ್ಲ. ನಾವು ಹೋದ ಊರಿನಿಂದ ಗೋಡೆಗೆ ಹೆಚ್ಚುಕಡಿಮೆ ಹನಗೋಡಿನಿಂದ ದೆಹಲಿಗೆ ಇರುವಷ್ಟು ದೂರ. ಇದನ್ನು ಹೇಳಿದರೆ, ಅಷ್ಟು ದೂರ ಹೋಗಿ ಇನ್ನೊಂಚೂರು ಹೋಗಬಾರದಿತ್ತಾ ಎಂದರು.

ನಾವು ಎಂದರೆ ನಾನು ಮತ್ತು ಶಮೀಮ್. ನಾನು ಹುಣಸೂರು ತಾಲ್ಲೂಕಿನ ಹನಗೋಡಿನವಳು. ಮನೆಯಲ್ಲಿ ಮೊದಲು ಹೊಗೆಸೊಪ್ಪು ಬೆಳೆಯುತ್ತಿದ್ದೆವು, ಈಗ ಶುಂಠಿ. ಶಮೀಮ್ ಹುಣಸೂರು ಪೇಟೆಯವಳು. ಗಂಡ ಮರ ಕುಯ್ಯುವ ಸಾಮಿಲ್ ನಡೆಸುತ್ತಿದ್ದ. ಅವನು ತೀರಿಕೊಂಡ ಮೇಲೆ ಸಾಮಿಲ್ಲನ್ನು ಮೈದುನನಿಗೆ ಬಿಟ್ಟುಕೊಟ್ಟು, ಹ್ಯಾಂಡ್‌ಪೋಸ್ಟ್ ಎಂಬ ಕೂಡುರಸ್ತೆಯ ಹತ್ತಿರ ಜಮೀನು ಗುತ್ತಿಗೆಗೆ ಹಿಡಿದು ಶುಂಠಿ ಹಾಕಿದಳು. ಹಸಿ ಶುಂಠಿಗೆ ಬೆಲೆ ಬಿದ್ದರೆ ಕಿತ್ತು ಮಾರುವ ಹಾಗೂ ಇಲ್ಲ, ಮಣ್ಣಲ್ಲಿ ಬಿಡುವ ಹಾಗೂ ಇಲ್ಲ. ಒಣಗಿಸಿದರೆ ಮಾತ್ರ ಕಾಯಬಹುದು. ಹಾಗಾಗಿ ನಮ್ಮ ಹೆಂಗಸರ ಸಂಘ ಒಂದು ಯಂತ್ರ ಕೊಳ್ಳುವುದೆಂದು ತೀರ್ಮಾನಿಸಿ, ನೋಡಿಬರಲು ನಮ್ಮಿಬ್ಬರನ್ನು ಕಳಿಸಿತು. ನನಗೆ ಅಷ್ಟಿಷ್ಟು ಓದು ಬರುತ್ತದೆ ಎಂದು ನಾನು. ಶಮೀಮ್‌ಗೆ ಜಗ್ಗದೆ ಚೌಕಾಸಿ ಮಾಡಲು ಬರುತ್ತದೆ ಎಂದು ಶಮೀಮ್.

ಅವಳ ಮೈದುನನಿಗೆ ಇದು ಇಷ್ಟವಿರಲಿಲ್ಲ. ಹೆಂಗಸರು ಇಬ್ಬರೇ ಅಷ್ಟು ದೂರ ಹೋಗುವುದೇ ಎಂದ. ಶಮೀಮ್, "ಒಬ್ಳೇ ಓಯ್ತಿಲ್ವಲ್ಲ, ಸರೋಜಕ್ಕನೂ ಬತ್ತಾರೆ" ಎಂದಳು. ಅದು ಅವನು ಕೇಳಿದ್ದಕ್ಕೆ ಉತ್ತರವಾಗಿರಲಿಲ್ಲ. ಆದರೆ ಮಾತು ಅಲ್ಲಿಗೆ ನಿಂತಿತು.

ವಿಮಾನ ನಿಲ್ದಾಣ

ಯಂತ್ರವನ್ನು ನಮ್ಮ ಶುಂಠಿಯಲ್ಲೇ ಪರೀಕ್ಷಿಸಬೇಕೆಂದು ಶಮೀಮ್ ಒಂದು ಚೀಲ ಹಸಿ ಶುಂಠಿ ತಂದಿದ್ದಳು. ಎರಡು ಸಲ ತೊಳೆದು, ನೆರಳಲ್ಲಿ ಆರಿಸಿ, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ್ದಳು. ಚೀನಾದ ಅಧಿಕಾರಿ ಗಂಟು ಬಿಚ್ಚಿಸಿದ. ಒಂದೊಂದೇ ಗೆಡ್ಡೆಯನ್ನು ಕೈಗವಸು ಹಾಕಿದ ಕೈಯಲ್ಲಿ ತಿರುಗಿಸಿ ನೋಡಿದ.

"ಕೊಳೆರೋಗ ಇಲ್ಲ ಕಣಪ್ಪ. ಅಂತಾವ ನಾವೇ ಊರಲ್ಲಿ ಬುಟ್ಟು ಬಂದಿದ್ದೀವಿ," ಎಂದು ಶಮೀಮ್ ಕನ್ನಡದಲ್ಲಿ ವಿವರಿಸಿದಳು.

ಅವನು ಗಮನವಿಟ್ಟು ಕೇಳಿದ. ಆಮೇಲೆ ಶುಂಠಿಯನ್ನೆಲ್ಲ ಒಂದು ಹಳದಿ ಡಬ್ಬಕ್ಕೆ ಸುರಿದು, ಸೀರೆಯ ತುಂಡನ್ನು ಮಡಿಸಿ ನಮಗೆ ವಾಪಸ್ ಕೊಟ್ಟ. ಬಹಳ ಚೆನ್ನಾಗಿ ಮಡಿಸಿದ್ದ.

ಹೊರಗೆ ಯಂತ್ರದ ಕಾರ್ಖಾನೆಯವರು ಕಳಿಸಿದ್ದ ಲಿನ್ ಎಂಬ ಹೆಂಗಸು ಕಾಯುತ್ತಿದ್ದಳು. ನಮ್ಮಿಬ್ಬರ ವಯಸ್ಸಿನವಳೇ. ಅವಳಿಗೆ ಚೀನೀ ಭಾಷೆ ಬಿಟ್ಟು ಬೇರೆ ಬರುವುದಿಲ್ಲ. ಅವಳ ಫೋನಿಗೆ ಎಲ್ಲ ಬರುತ್ತದೆ, ಕನ್ನಡ ಒಂದು ಬಿಟ್ಟು. ಹಾಗಾಗಿ ಲಿನ್ ಚೀನೀ ಭಾಷೆಯಲ್ಲಿ ಫೋನಿಗೆ ಹೇಳುವುದು, ಫೋನು ಹಿಂದಿಯಲ್ಲಿ ಶಮೀಮ್‌ಗೆ ಹೇಳುವುದು, ಶಮೀಮ್ ಅದನ್ನು ಕನ್ನಡದಲ್ಲಿ ನನಗೆ ಹೇಳುವುದು ಎಂದಾಯಿತು. ನನ್ನ ಓದು ಉಪಯೋಗಕ್ಕೆ ಬರುತ್ತದೆಂದು ಸಂಘದವರು ಅಂದುಕೊಂಡಿದ್ದರಲ್ಲ, ಅದು ಅಲ್ಲಿಗೆ ಮುಗಿಯಿತು.

ನಮ್ಮ ಫೋನುಗಳಲ್ಲಿ ಊರಿನ ಕರೆಗಳು ಬರಲಿಲ್ಲ. ನಾವು ಬಳಸುವ ಆಪ್ ಆ ದೇಶದಲ್ಲಿ ನಡೆಯುವುದಿಲ್ಲವಂತೆ. "ಅಂಗಾರೆ ಮೈದುನನೂ ಮಾಡಂಗಿಲ್ಲ," ಎಂದು ಶಮೀಮ್ ಫೋನನ್ನು ಬ್ಯಾಗಿನ ತಳಕ್ಕೆ ಹಾಕಿದಳು.

ಊಟದ ಮೇಜು

ನಾವು ಇಳಿದುಕೊಂಡ ಊರಿನ ಹೆಸರು ಚ್ವಾನ್‌ಜೌ. ಸಮುದ್ರದ ಪಕ್ಕದ ಊರು. ಹಿಂದೆ ಪ್ರಪಂಚದ ಎಲ್ಲ ಕಡೆಯ ಹಡಗುಗಳು ಇಲ್ಲಿಗೆ ಬರುತ್ತಿದ್ದವಂತೆ. ಅರಬ್ಬರು ಈ ಊರನ್ನು ಜೈತೂನ್ ಎಂದು ಕರೆಯುತ್ತಿದ್ದರಂತೆ. ಶಮೀಮ್‌ಗೆ ಜೈತೂನ್ ಎಂದರೆ ಗೊತ್ತು, ಮೊಣಕಾಲಿಗೆ ಹಚ್ಚುವ ಆಲಿವ್ ಎಣ್ಣೆ. ಊರಲ್ಲಿ ಎಲ್ಲೂ ಆ ಮರ ಕಾಣಲಿಲ್ಲ ಎಂದು ಅವಳಿಗೆ ಸ್ವಲ್ಪ ಬೇಸರ.

ನಾವು ಶುಂಠಿಯವರು ಎಂದು ಲಿನ್ ನಮ್ಮನ್ನು ಆ ಊರಿನ ಹೆಸರುವಾಸಿ ಅಡುಗೆಗೆ ಕರೆದುಕೊಂಡು ಹೋದಳು. ಬಾತುಕೋಳಿಯನ್ನು ಶುಂಠಿಯಲ್ಲಿ ಬೇಯಿಸಿದ್ದು. ಮಣ್ಣಿನ ಮಡಕೆಯ ಮುಚ್ಚಳ ತೆಗೆದಾಗ ಇಬ್ಬರೂ ಬಗ್ಗಿ ವಾಸನೆ ನೋಡಿದೆವು.

"ಬಲ್ತಿರೋ ಶುಂಠಿ. ಎಳ್ಳೆಣ್ಣೇಲಿ ಉರ್ದವ್ರೆ," ಎಂದಳು ಶಮೀಮ್.

"ನಾರು ಜಾಸ್ತಿ," ಎಂದೆ ನಾನು.

ಅಷ್ಟು ಹೇಳಿ ಇಬ್ಬರೂ ಕೈಕಟ್ಟಿ ಕುಳಿತೆವು. ಶಮೀಮ್‌ಗೆ ಅದು ಹಲಾಲ್ ಅಲ್ಲ. ನನಗೆ ಅದು ಸೋಮವಾರ. ಇದನ್ನು ಲಿನ್‌ಗೆ ತಿಳಿಸುವುದು ಸುಲಭವಾಗಲಿಲ್ಲ. ಶಮೀಮ್ ಹಂದಿಯನ್ನು ಯಾವತ್ತೂ ತಿನ್ನುವುದಿಲ್ಲ, ಉಳಿದದ್ದನ್ನು ಅವರ ಕಡೆಯವರು ಕುಯ್ದಿದ್ದರೆ ತಿನ್ನುತ್ತಾಳೆ. ನಾನು ಯಾರು ಕುಯ್ದರೂ ತಿನ್ನುತ್ತೇನೆ, ಆದರೆ ಸೋಮವಾರ, ಶನಿವಾರ ಇಲ್ಲ. ಫೋನು ಇದನ್ನು ಚೀನೀ ಭಾಷೆಯಲ್ಲಿ ಏನೆಂದು ಹೇಳಿತೋ ಕಾಣೆ. ಲಿನ್ ಬಹಳ ಹೊತ್ತು ಯೋಚಿಸಿ, ಇಬ್ಬರಿಗೂ ಸಿಹಿಯಾದ ಕಡಲೇಕಾಯಿ ಪಾಯಸದಂಥದ್ದು ತರಿಸಿದಳು. ಬಾತುಕೋಳಿಯನ್ನು ಅವಳೊಬ್ಬಳೇ ತಿಂದಳು. ನಮ್ಮ ಕಡೆ ನೋಡದೆ ತಿಂದಳು, ಅದು ಒಳ್ಳೆಯತನ. ಮುಂದಿನ ದಿನಗಳಲ್ಲಿ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನಮ್ಮ ಊಟ ಆ ಪಾಯಸವೇ.

ಕೃಷ್ಣನ ಕಂಬ

ಕಾರ್ಖಾನೆ ಸಿದ್ಧವಾಗಲು ಒಂದು ದಿನ ಬೇಕೆಂದು ಲಿನ್ ನಮ್ಮನ್ನು ಊರಿನ ದೊಡ್ಡ ಬೌದ್ಧ ಗುಡಿಗೆ ಕರೆದೊಯ್ದಳು. ಅಂಗಳದಲ್ಲಿ ದೊಡ್ಡ ಆಲದ ಮರಗಳು. ದಾರಿಯುದ್ದಕ್ಕೂ ಗುಡಿಗಳನ್ನು ನೋಡಿ, ಅಷ್ಟು ಹೊತ್ತಿಗೆ ನನಗೆ ಎಲ್ಲವೂ ಒಂದೇ ತರಹ ಕಾಣಲು ಶುರುವಾಗಿತ್ತು. ಲಿನ್ ಕೈಹಿಡಿದು ಹಿಂಭಾಗಕ್ಕೆ ಎಳೆದುಕೊಂಡು ಹೋಗಿ ಎರಡು ಕಲ್ಲಿನ ಕಂಬ ತೋರಿಸಿ, "ಇಂದು, ಇಂದು" ಎಂದಳು.

ಅವರ ಭಾಷೆಯಲ್ಲಿ ಇಂಡಿಯಾ ಎಂದಿದ್ದಳು. ಹತ್ತಿರ ಹೋಗಿ ನೋಡಿದರೆ ಕಂಬದ ಮೇಲೆ ಕೃಷ್ಣ. ಒಂದು ಕಡೆ ಮರ, ಬಟ್ಟೆ ಕಳೆದುಕೊಂಡ ಗೋಪಿಯರು, ಇನ್ನೊಂದು ಕಡೆ ನರಸಿಂಹ. ಯಾವುದೋ ಕಾಲದಲ್ಲಿ ತಮಿಳು ವ್ಯಾಪಾರಿಗಳು ಈ ಊರಲ್ಲಿ ಶಿವನ ಗುಡಿ ಕಟ್ಟಿಕೊಂಡಿದ್ದರಂತೆ. ಅದು ಬಿದ್ದುಹೋದ ಮೇಲೆ ಇವರು ಕಂಬಗಳನ್ನು ತಂದು ಬುದ್ಧನ ಛಾವಣಿಗೆ ಆನಿಸಿದ್ದಾರೆ.

ಗುಡಿಯ ಹಿಂಬದಿಯಲ್ಲಿ, ಪೊರಕೆ ಬಕೆಟ್ಟುಗಳ ಪಕ್ಕ ಕೃಷ್ಣ ನಿಂತಿದ್ದು ನನಗೆ ಯಾಕೋ ಸಂಕಟ ತಂದಿತು. ಹುಣಸೂರು ಬಸ್‌ಸ್ಟ್ಯಾಂಡಿನಲ್ಲಿ ನೆಂಟರು ಒಬ್ಬರೇ ಕೂತಿದ್ದನ್ನು ಕಂಡ ಹಾಗೆ. ಚಪ್ಪಲಿ ಬಿಟ್ಟು ಕಂಬಕ್ಕೆ ಸುತ್ತು ಬಂದೆ. ಶಮೀಮ್ ನನ್ನ ಚಪ್ಪಲಿ ಕಾಯುತ್ತಾ ನಿಂತಿದ್ದಳು.

"ಚೆನ್ನಾಗವ್ನಾ?" ಎಂದು ಕೇಳಿದಳು.

"ಮೂಗು ಸ್ವಲ್ಪ ಸವೆದೈತೆ," ಎಂದೆ.

ಕಾರ್ಖಾನೆ

ಕಾರ್ಖಾನೆ ಚಹಾ ಬೆಳೆಯುವ ಬೆಟ್ಟಗಳ ನಡುವೆ ಇತ್ತು. ಮೂಲತಃ ಚಹಾ ಒಣಗಿಸುವ ಯಂತ್ರಗಳನ್ನು ಮಾಡುವವರು. ಅದೇ ಯಂತ್ರದಲ್ಲಿ ತಟ್ಟೆ ಬದಲಿಸಿದರೆ ಶುಂಠಿ ಒಣಗುತ್ತದೆ. ಮಾಲೀಕ ಚಿಕ್ಕ ಚಿಕ್ಕ ಲೋಟಗಳಲ್ಲಿ ಚಹಾ ಹಾಕುತ್ತಲೇ ಇದ್ದ. ಸಿಗರೇಟು ಮುಂದೆ ಹಿಡಿದ. ನಾವು ಹೊಗೆಸೊಪ್ಪು ಬೆಳೆದವರು, ಆದರೆ ಸೇದುವುದಿಲ್ಲ ಎಂದು ಹೇಳಿಸಿದೆ. ಅವನು ಸಿಗರೇಟಿನ ಪೊಟ್ಟಣವನ್ನು ಒಂದು ಸಲ ನೋಡಿ ಜೇಬಿಗೆ ಹಾಕಿಕೊಂಡ.

ನಮ್ಮ ಶುಂಠಿ ಹಳದಿ ಡಬ್ಬದಲ್ಲಿ ಉಳಿದಿದ್ದರಿಂದ ಸಂತೆಯಿಂದ ಅವರ ಶುಂಠಿ ತರಿಸಿದರು. ಒಂದೊಂದು ಗೆಡ್ಡೆಯೂ ಕೈಯಗಲ. ಹೆಚ್ಚಿ ತಟ್ಟೆಗೆ ಹಾಕಿ ಬಿಸಿಗಾಳಿ ಬಿಟ್ಟರು. ಮೊದಲ ಸಲ ಅಂಚು ಕಂದಿತು. ಶಾಖ ಕಡಿಮೆ ಮಾಡಿ ಇನ್ನೊಮ್ಮೆ ನಡೆಸುತ್ತೇವೆ, ಶುಕ್ರವಾರ ಮಧ್ಯಾಹ್ನ ಬನ್ನಿ ಎಂದು ಲಿನ್‌ಳ ಫೋನು ಹೇಳಿತು. ಶಮೀಮ್ ಅದನ್ನು ನನಗೆ ಹೇಳಲಿಲ್ಲ. ಫೋನಿಗೇ ಏನೋ ಹೇಳಿದಳು. ಶುಕ್ರವಾರ ಎನ್ನುವುದು ನನಗೂ ಅರ್ಥವಾಗಿತ್ತು.

"ಏನಂದೆ?" ಎಂದೆ.

"ಮಧ್ಯಾನ ಆಗಲ್ಲ ಅಂದೆ. ಈ ಊರಲ್ಲಿ ಸಾವ್ರ ವರ್ಸದ ಮಸೀದಿ ಐತಂತೆ. ಜುಮ್ಮಾಕ್ಕೆ ಓಗ್ಬೇಕು."

"ಸಂಘದೋರು ಯಂತ್ರ ನೋಡಕ್ಕೆ ಕಳ್ಸಿರೋದು ಕಣೆ. ಮಸೀದಿ ಸಂಜೆ ನೋಡು, ಎಲ್ಲೋಯ್ತದೆ?"

"ನೋಡಕ್ಕಲ್ಲ. ಒಳಗೆ ನಮಾಜ್ ಮಾಡಕ್ಕೆ."

ನನಗೆ ಅದು ದೊಡ್ಡ ವಿಷಯ ಎನ್ನಿಸಲಿಲ್ಲ. ಹಾಗೆಂದೆ. ಶಮೀಮ್ ನನ್ನ ಕಡೆ ತಿರುಗಿದಳು. ಅವಳ ಮಾತು ಯಾವಾಗಲೂ ಜೋರು. ಅವತ್ತು ಮೆಲ್ಲಗಿತ್ತು.

"ನಾ ಒಂದಿನಾನೂ ಮಸೀದಿ ಒಳಗೆ ಕಾಲಿಟ್ಟಿಲ್ಲ ಕಣಕ್ಕ. ನಮ್ ಕಡೆ ಎಂಗುಸ್ರು ಮನೇಲೇ ಮಾಡೋದು. ಅಪ್ಪ ಓಗೋರು, ಯಜಮಾನ್ರು ಓಗೋರು, ನನ್ ಮಗ ಓಯ್ತಾನೆ. ನಾ ಬಾಗ್ಲಲ್ಲಿ ನಿಂತು ಟೋಪಿ ಕೊಡ್ತೀನಿ. ಇಲ್ಲಿ ಎಂಗುಸ್ರೂ ಓಯ್ತಾರಂತೆ. ಲಿನ್ನಮ್ಮ ಕೇಳಿ ತಿಳ್ಕಂಡವ್ಳೆ. ಇಲ್ಲಿ ಯಾರೂ ನನ್ ಗುರ್ತು ಇಡಿಯಲ್ಲ."

ನಾನು ತಟ್ಟೆಯಲ್ಲಿ ಕಂದಿದ ಚೂರುಗಳನ್ನು ಆರಿಸತೊಡಗಿದೆ.

"ನಿಮ್ ಕೃಷ್ಣನ ಸುತ್ತ ಬರೋವಾಗ ನಾ ಚಪ್ಲಿ ಕಾದಿಲ್ವಾ?" ಎಂದಳು.

ಪರೀಕ್ಷೆಯನ್ನು ಶುಕ್ರವಾರ ಬೆಳಿಗ್ಗೆಗೆ ಹಾಕಿಸಿದೆವು. ಮಾಲೀಕನಿಗೆ ಬೆಳಿಗ್ಗೆ ಬೇಗ ಏಳುವುದು ಇಷ್ಟವಿಲ್ಲ ಎಂದು ಅವನ ಮುಖ ಹೇಳಿತು, ಅದಕ್ಕೆ ಫೋನು ಬೇಕಾಗಲಿಲ್ಲ. ಎರಡನೇ ಸಲ ಶುಂಠಿ ಸರಿಯಾಗಿ ಒಣಗಿತು. ಕಂದಲಿಲ್ಲ, ಮುರಿದರೆ ಚಟ್ ಎಂದಿತು. ಶಮೀಮ್ ಬೆಲೆಯನ್ನು ಎಷ್ಟು ಬೇಗ ಇಳಿಸಿದಳೆಂದರೆ ಮಾಲೀಕ ಚಹಾ ಹಾಕುವುದನ್ನು ನಿಲ್ಲಿಸಿದ.

ಪಕ್ಕದ ಮನೆಯ ದೇವರು

ಲಿನ್‌ಗೆ ಮಧ್ಯಾಹ್ನ ಬೇರೆ ಕೆಲಸವಿತ್ತು. ಕಾರಿನಲ್ಲಿ ನಮ್ಮನ್ನು ಒಂದು ದೊಡ್ಡ ರಸ್ತೆಯಲ್ಲಿ ಇಳಿಸಿ, ಕೈತೋರಿಸಿ, ಫೋನಿಗೆ ಮಸೀದಿಯ ಹೆಸರು ಹೇಳಿದಳು. ಫೋನು ಹಿಂದಿಯಲ್ಲಿ "ಶುದ್ಧ ಶಾಂತ ಮಂದಿರ್" ಎಂದಿತು. ಅವರ ಭಾಷೆಯಲ್ಲಿ ಮಸೀದಿಗೂ ಗುಡಿಗೂ ಒಂದೇ ಪದವಂತೆ. ಇದು ಆಮೇಲೆ ಗೊತ್ತಾಗಿದ್ದು.

ಕೈತೋರಿಸಿದ ಕಡೆ ನಾನು ಮುಂದೆ ನಡೆದು ಒಂದು ಬಾಗಿಲು ಹೊಕ್ಕೆ. ಜನವೋ ಜನ. ಒಳಗೆ ಊದುಬತ್ತಿಯ ಹೊಗೆ, ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಬಾಗಿಲು ತೆಗೆದ ಹಾಗೆ. ಎಲ್ಲರೂ ಕಟ್ಟುಕಟ್ಟು ಊದುಬತ್ತಿ ಹಚ್ಚಿ ತಲೆಯ ಮೇಲೆ ಹಿಡಿದಿದ್ದಾರೆ. ತಳ್ಳಿಸಿಕೊಂಡು ಮುಂದೆ ಹೋದರೆ ಕೆಂಪು ಮುಖದ, ಎದೆಯವರೆಗೆ ಗಡ್ಡ ಬಿಟ್ಟ ದೇವರು. ಯುದ್ಧದ ದೇವರಂತೆ, ಈಗ ವ್ಯಾಪಾರಸ್ಥರನ್ನು ನೋಡಿಕೊಳ್ಳುತ್ತಾನಂತೆ. ನನ್ನ ಕೈಗಳು ತಾವೇ ಜೋಡಿಸಿಕೊಂಡವು. ತಿರುಗಿ ನೋಡಿದರೆ ಶಮೀಮ್ ಹೊಸಿಲಾಚೆ ನಿಂತು ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದಳು.

ಹೊರಗೆ ಬಂದೆ.

"ಇದು ಮಸೀದಿ ಅಲ್ಲ ಕಣಕ್ಕ," ಎಂದಳು.

"ಗೊತ್ತಾಯ್ತು," ಎಂದೆ.

ಮಸೀದಿ ಅದರ ಪಕ್ಕದಲ್ಲೇ ಇತ್ತು. ಎರಡಕ್ಕೂ ನಡುವೆ ನಮ್ಮ ಹನಗೋಡಿನ ಎರಡು ಮನೆಗಳ ನಡುವೆ ಇರುವಷ್ಟೇ ಜಾಗ. ಆ ದೇವರ ಹೊಗೆ ದಿನವಿಡೀ ಈ ಗೋಡೆ ದಾಟಿ ಬರುತ್ತದೆ. ಮಸೀದಿಯವರು ಕೆಮ್ಮಿದ್ದನ್ನು ನಾನು ಕಾಣಲಿಲ್ಲ.

ಮಸೀದಿ

ಹುಣಸೂರಿನ ಮಸೀದಿಗಳ ಹಾಗೆ ಹಸಿರು ಬಣ್ಣ, ಧ್ವನಿವರ್ಧಕ ಯಾವುದೂ ಇಲ್ಲ. ಕಪ್ಪು ಕಲ್ಲಿನ ಎತ್ತರದ ಹೆಬ್ಬಾಗಿಲು. ಕಮಾನಿನೊಳಗೆ ತಲೆಯೆತ್ತಿ ನೋಡಿದರೆ ಕಲ್ಲಿನಲ್ಲೇ ಹೆಜ್ಜೇನು ಗೂಡು ಕಟ್ಟಿದ ಹಾಗಿದೆ. ಗೋಡೆಯಲ್ಲಿ ಅರಬ್ಬಿ ಅಕ್ಷರಗಳು. ಶಮೀಮ್ ಬೆರಳು ಗಾಳಿಯಲ್ಲಿ ಎಳೆಯುತ್ತಾ ಒಂದೆರಡು ಪದ ಓದಿದಳು. ಈ ದೇಶಕ್ಕೆ ಬಂದ ಮೇಲೆ ನಮ್ಮಿಬ್ಬರಲ್ಲಿ ಯಾರಾದರೂ ಏನಾದರೂ ಓದಿದ್ದು ಅದೇ ಮೊದಲು.

ಒಳಗೆ ಹಳೆಯ ಪ್ರಾರ್ಥನೆಯ ಸಭಾಂಗಣ. ನಾಲ್ಕು ಕಡೆ ದಪ್ಪ ಕಲ್ಲಿನ ಗೋಡೆ, ದೊಡ್ಡ ಕಿಟಕಿಗಳು, ನೆಲದಲ್ಲಿ ಕಂಬಗಳ ಮೋಟು. ಮೇಲೆ ಆಕಾಶ. ಬಹಳ ಹಿಂದೆ ಭೂಕಂಪದಲ್ಲಿ ಛಾವಣಿ ಬಿದ್ದುಹೋಯಿತಂತೆ. ಈಗ ಅಲ್ಲಿ ಹುಲ್ಲು ಬೆಳೆದಿದೆ.

"ಬಿದ್ದೋದ್ ಮೇಲೆ ಯಾಕೆ ಆಕ್ಸಿಲ್ಲ?" ಎಂದಳು ಶಮೀಮ್.

"ಇಂತವೆಲ್ಲ ಮುಟ್ಟಂಗಿಲ್ಲ ಕಣೆ. ಇದ್ದಂಗೇ ಇರ್ಬೇಕು."

"ಮಳೆ ಬಂದ್ರೆ?"

"ನೆನೀತದೆ."

ಸಾಮಿಲ್ ನಡೆಸಿದ ಮನೆಯವಳು. ಎಷ್ಟು ತೊಲೆ ಬೇಕಾದೀತು ಎಂದು ಕಣ್ಣಲ್ಲೇ ಅಳೆಯುತ್ತಿದ್ದಳು.

ಬಿಳಿ ಟೋಪಿಯ ಒಬ್ಬ ವೃದ್ಧರು ಬಂದು ಸಲಾಂ ಹೇಳಿದರು. ಶಮೀಮ್ ತಲೆಯ ಮೇಲೆ ಸೆರಗು ಎಳೆದುಕೊಂಡು ವಾಲೇಕುಂ ಸಲಾಂ ಎಂದಳು. ಇಬ್ಬರಿಗೂ ಗೊತ್ತಿದ್ದ ಮಾತು ಅಷ್ಟೇ. ವೃದ್ಧರು ಹಿಂದಿನ ಹೊಸ ಸಭಾಂಗಣ ತೋರಿಸಿ, ಅದರ ಪಕ್ಕದಲ್ಲಿ ಪರದೆ ಹಾಕಿದ ಬಾಗಿಲು ತೋರಿಸಿ, ಹೋಗು ಎನ್ನುವಂತೆ ಕೈಮಾಡಿದರು. ನಮ್ಮ ಕಡೆ ಹೆಂಗಸರಿಗೆ ನಲ್ಲಿ ಎಲ್ಲಿದೆ ಎಂದು ತೋರಿಸುವಷ್ಟೇ ಸಲೀಸಾಗಿ.

ಶಮೀಮ್ ಹೋಗಲಿಲ್ಲ. ಕಲ್ಲಿನ ಕಟ್ಟೆಯ ಮೇಲೆ ಕುಳಿತಳು. ಜನ ಬರತೊಡಗಿದರು. ಅವರಲ್ಲಿ ಆ ಊರಿನವರು, ದೂರದವರು, ಅರಬ್ಬರ ಹಾಗೆ ಕಾಣುವ ಇಬ್ಬರು ವ್ಯಾಪಾರಿಗಳು ಇದ್ದರು. ಹೆಂಗಸರೂ ಬಂದು ಪರದೆ ಸರಿಸಿ ಒಳಗೆ ಹೋದರು.

"ಊರಲ್ಲಿ ಗೊತ್ತಾದ್ರೆ?" ಎಂದಳು.

"ಯಾರೇಳ್ತಾರೆ? ನಾ ಏಳಲ್ಲ."

"ನಂಗೇ ಏಳ್ಬೇಕು ಅನ್ಸಿದ್ರೆ?"

"ಅದು ಆಮೇಲೆ ನೋಡ್ಕಳವ. ಎದ್ದೇಳು, ಒತ್ತಾಯ್ತು."

ಇನ್ನೂ ಸ್ವಲ್ಪ ಕುಳಿತಳು. ಆಮೇಲೆ ಎದ್ದು ಕೈಕಾಲು ಮುಖ ತೊಳೆದು ಬಂದು, ಬ್ಯಾಗು ನನ್ನ ತೊಡೆಯ ಮೇಲಿಟ್ಟು, ಹಿಂದೆ ನೋಡದೆ ಪರದೆಯ ಒಳಗೆ ಹೋದಳು.

ನಾನು ಛಾವಣಿಯಿಲ್ಲದ ಸಭಾಂಗಣದ ಬದಿಗೆ ಹೋಗಿ ಕುಳಿತೆ. ಆ ಊರಿನ ಹುಡುಗಿಯರು ತಲೆತುಂಬ ಹೂವಿನ ಸುತ್ತು ಮುಡಿದು ಫೋಟೊ ತೆಗೆಸಿಕೊಳ್ಳುತ್ತಾರೆ. ಹಾಗೆ ಬಂದಿದ್ದ ಒಬ್ಬಳು ನನ್ನ ಸೀರೆ ನೋಡಿ, ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡಳು. ಅವಳ ಗೆಳತಿಯೂ ತೆಗೆಸಿಕೊಂಡಳು. ನಾನು ಸ್ಮಾರಕದ ಒಂದು ಭಾಗವೆಂದು ತಿಳಿದರೋ ಏನೋ.

ನಮಾಜು ಮುಗಿಯಿತು. ಗಂಡಸರು ಹೊರಬಂದು ಬೂಟು ಹಾಕಿಕೊಂಡು ಹೋದರು. ಪರದೆಯ ಬಾಗಿಲಿನಿಂದಲೂ ಹೆಂಗಸರು ಬಂದರು. ಶಮೀಮ್ ಬರಲಿಲ್ಲ. ಅಂಗಳ ಖಾಲಿಯಾಯಿತು. ಎದ್ದು ಅಂಗಳದ ತುದಿಯಿಂದ ತುದಿಗೆ ನಡೆದೆ. ಅವಳ ಫೋನು ನನ್ನ ಬಳಿ, ನನ್ನ ಫೋನಿಗೆ ಹಿಂದಿಯೂ ಬಾರದು. ಬೇರೆ ಬಾಗಿಲಿನಿಂದ ಹೊರಟು ಪಕ್ಕದ ಗುಡಿಯ ಜನರ ನಡುವೆ ಸಿಕ್ಕಿಕೊಂಡಳೋ, ತಲೆಸುತ್ತಿ ಬಿದ್ದಳೋ. ಬರೀ ಪಾಯಸದ ಮೇಲಿದ್ದವಳು. ಅವಳ ಮಗನಿಗೆ ಏನು ಹೇಳಲಿ, ಎದ್ದೇಳು ಎಂದು ಕಳಿಸಿದವಳು ನಾನು.

ಬಿಳಿ ಟೋಪಿಯ ವೃದ್ಧರು ಕಂಡರು. ಓಡಿಹೋದೆ. ಏನು ಹೇಳಬೇಕೆಂದು ತೋಚದೆ ಅಸ್ಸಲಾಮು ಅಲೈಕುಂ ಎಂದೆ. ಅವರು ನಿಂತು ಉತ್ತರ ಕೊಟ್ಟರು. ನಾನು ಇನ್ನೊಮ್ಮೆ, ಸ್ವಲ್ಪ ಗಾಬರಿಯಾಗಿ, ಅಸ್ಸಲಾಮು ಅಲೈಕುಂ ಎಂದೆ. ಅವರು ಮತ್ತೆ ಉತ್ತರ ಕೊಟ್ಟರು, ಸ್ವಲ್ಪ ಗಾಬರಿಯಾಗಿ. ಆಗ ನಾನು ನನ್ನ ತಲೆಯ ಮೇಲೆ ಸೆರಗು ಹೊದ್ದು ತೋರಿಸಿ, ಇಷ್ಟು ಎತ್ತರ ಎಂದು ಕೈಯಲ್ಲಿ ತೋರಿಸಿ, ಎಲ್ಲಿ ಎನ್ನುವಂತೆ ಕೈ ಬಿಚ್ಚಿದೆ. ಅವರಿಗೆ ತಿಳಿಯಿತು. ಹಿಂದೆ ಬಾ ಎಂದು ನಡೆದರು.

ಹಿಂಭಾಗದ ಒಂದು ಕೋಣೆಯಲ್ಲಿ ಮೇಜಿನ ಸುತ್ತ ಮೂವರು ಹೆಂಗಸರು, ನಡುವೆ ಶಮೀಮ್. ಮುಂದೆ ಹಬೆಯಾಡುವ ದನದ ಮಾಂಸದ ಸಾರು, ಕೈಯಲ್ಲೇ ಎಳೆದು ಮಾಡಿದ ಶಾವಿಗೆ. ಶಮೀಮ್‌ಳ ಕಣ್ಣುಗಳು ಕೆಂಪಗಿದ್ದವು. ಪಕ್ಕದ ಹೆಂಗಸು ಅವಳ ಕೈಹಿಡಿದು ಚೀನೀ ಭಾಷೆಯಲ್ಲಿ ಉದ್ದವಾಗಿ ಏನೋ ಹೇಳುತ್ತಿದ್ದಳು, ಶಮೀಮ್ ಉರ್ದುವಿನಲ್ಲಿ ಹೌದು ಹೌದು ಎನ್ನುತ್ತಿದ್ದಳು.

"ಏನಾಯ್ತೆ?"

"ಏನಿಲ್ಲ, ಬಾ ಅಕ್ಕ, ಕೂತ್ಕೊ. ಹಲಾಲು."

"ಮತ್ತೆ ಯಾಕ್ ಅಳ್ತಿದ್ದೆ?"

ಅವಳು ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು.

"ಸಾಲಲ್ಲಿ ನಿಂತ್ಕಳದು ಗೊತ್ತಾಗ್ಲಿಲ್ಲ ಕಣಕ್ಕ. ಯಾವತ್ತೂ ಒಬ್ಳೇ ಅಲ್ವಾ ನಿಂತಿರೋದು. ಎಲ್ರಿಂದ ದೂರ, ಗೋಡೆ ತಾವು ನಿಂತ್ಕಂಡೆ. ಈಯಮ್ಮ ಬಂದು ತೋಳಿಡ್ದು ಎಳ್ಕಂಡು ಓಗಿ ಪಕ್ಕದಲ್ಲಿ ನಿಲ್ಲುಸ್ಕಂಡ್ಳು. ಬುಜಕ್ಕೆ ಬುಜ ತಾಕಂಗೆ. ಆವಾಗ್ಲಿಂದ ಅಳು ನಿಲ್ತಾನೇ ಇಲ್ಲ. ನಮಾಜಲ್ಲಿ ಏನಂದ್ನೋ ಏನ್ ಬುಟ್ನೋ, ದೇವ್ರೇ ಸರಿ ಮಾಡ್ಕಬೇಕು."

ಆ ಹೆಂಗಸು ಎದ್ದುಹೋಗಿ ನನಗೂ ಒಂದು ಬಟ್ಟಲು ತಂದಿಟ್ಟಳು. ನಾನು ದನದ ಮಾಂಸ ತಿನ್ನುವುದಿಲ್ಲ ಎಂದು ಶಮೀಮ್ ಕೈಯಲ್ಲಿ ಕೊಂಬು ತೋರಿಸಿ ತಿಳಿಸಿದಳು. ಮೂವರೂ ಚರ್ಚಿಸಿ, ಅದನ್ನು ತೆಗೆದುಕೊಂಡು ಹೋಗಿ, ಬರೀ ಶಾವಿಗೆಗೆ ಸೊಪ್ಪು, ಖಾರ ಹಾಕಿ ತಂದರು. ನಾನು ಎರಡು ಬಟ್ಟಲು ತಿಂದೆ. ಹೊರಡುವಾಗ ಆ ಹೆಂಗಸು ಶಮೀಮ್‌ಳ ಸೆರಗನ್ನು ಸರಿಮಾಡಿದಳು. ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಾಗಲಿಲ್ಲ.

ಹ್ಯಾಂಡ್‌ಪೋಸ್ಟ್

ಯಂತ್ರ ಹಡಗಿನಲ್ಲಿ ಬಂತು. ಹ್ಯಾಂಡ್‌ಪೋಸ್ಟ್ ಹತ್ತಿರದ ನಮ್ಮ ಶೆಡ್ಡಿನಲ್ಲಿ ಕೂರಿಸಿದೆವು. ನೋಡಲು ಶಮೀಮ್‌ಳ ಮೈದುನನೂ ಬಂದಿದ್ದ. ಯಂತ್ರದ ಸುತ್ತ ನಡೆದು, ಟೀ ಕುಡಿಯುತ್ತಾ ಕೇಳಿದ.

"ಅತ್ಗೆ, ಅಲ್ಲಿ ಮಸೀದಿ ಇತ್ತಂತೆ. ನೋಡುದ್ರಾ?"

ನಾನು ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದರಿಂದ ತಟ್ಟೆಗಳನ್ನು ಎಣಿಸುವವಳ ಹಾಗೆ ತಿರುಗಿಕೊಂಡೆ.

"ನೋಡ್ದೆ. ಒಳಗೋಗಿ ನಮಾಜೂ ಮಾಡ್ದೆ," ಎಂದಳು ಶಮೀಮ್.

ಅವನು ಲೋಟ ಕೆಳಗಿಟ್ಟ. ಹೊರಟುಹೋದ. ಆಮೇಲೆ ಕೆಲವು ವಾರ ಈ ಕಡೆ ಸುಳಿಯಲಿಲ್ಲ. ಶಮೀಮ್ ಅವನ ವಿಷಯ ಎತ್ತಲಿಲ್ಲ. ಇದನ್ನೆಲ್ಲ ಬರೆಯಲೇ ಎಂದು ನಾನು ಕೇಳಿದಾಗ, "ಅವ್ನಿಗೆ ಏಳಾಯ್ತಲ್ಲ, ಇನ್ಯಾರ್‍ಗೆ ಎದುರ್ಕಬೇಕು, ಬರಿ" ಎಂದಳು.

ಶೆಡ್ಡಿನಲ್ಲಿ ಶುಂಠಿ ಹೆಚ್ಚಲು ಬರುವವರಲ್ಲಿ ಶಮೀಮ್‌ಳ ಪೈಕಿಯ ಇನ್ನೂ ಮೂವರು ಹೆಂಗಸರಿದ್ದಾರೆ. ಮೊದಲೆಲ್ಲ ಮಧ್ಯಾಹ್ನ ಒಬ್ಬೊಬ್ಬರೇ ಮೂಟೆಗಳ ಹಿಂದೆ ಮೂಲೆಗೆ ಹೋಗಿ ನಮಾಜು ಮುಗಿಸಿ ಬರುತ್ತಿದ್ದರು. ಈಗ ಶಮೀಮ್ ಶೆಡ್ಡಿನ ನಡುವೆ ಜಾಗ ಗುಡಿಸಿ ಉದ್ದದ ಚಾಪೆ ಹಾಸುತ್ತಾಳೆ. ನಾಲ್ವರೂ ಒಟ್ಟಿಗೆ ನಿಲ್ಲುತ್ತಾರೆ. ಯಂತ್ರದ ಸದ್ದಿಗೆ ಏನೂ ಕೇಳಿಸುವುದಿಲ್ಲವಾದ್ದರಿಂದ ಆ ಹೊತ್ತು ಅದನ್ನು ನಿಲ್ಲಿಸುವುದು ನನ್ನ ಕೆಲಸ. ನಡುವೆ ನಿಲ್ಲಿಸಿದರೆ ಶುಂಠಿ ಕೆಡುತ್ತದೆ ಎಂದು ಕಾರ್ಖಾನೆಯವರು ಹೇಳಿದ್ದರು. ಇದುವರೆಗೆ ಒಂದು ತಟ್ಟೆಯೂ ಕೆಟ್ಟಿಲ್ಲ.